ಪುಟ್ಟರಾಜುವಿನ ಒಂಬತ್ತನೇ ಪ್ರಯೋಗ

ಬೆಳಿಗ್ಗೆ ಏಳು ಗಂಟೆಗೆಲ್ಲ ಪುಟ್ಟರಾಜುವಿನ ತಲೆ ಕೆಟ್ಟುಹೋಗಿತ್ತು. ಕಾರಣ, ಒಂದು ಮಂಕರಿ ಸಗಣಿ.

ಸಿಂಧಘಟ್ಟದಲ್ಲಿ ಅವನ ಮನೆಯ ಹಿಂದೆ, ಹುಣಸೆ ಮರದಾಚೆ, ಒಂದು ತಿಪ್ಪೆ ಇತ್ತು. ಇತ್ತು ಎಂದರೆ ಆರು ವರ್ಷದ ಹಿಂದೆ ಇತ್ತು. ಭಾಗವಾದಾಗ ಆ ಜಾಗ ಚಿಕ್ಕಪ್ಪನ ಮಗ ಕೆಂಪಣ್ಣನ ಪಾಲಿಗೆ ಹೋಯಿತು. ಕೆಂಪಣ್ಣ ಗೊಬ್ಬರ ಎತ್ತಿಸಿ, ನೆಲ ಸಮ ಮಾಡಿಸಿ, ಅಲ್ಲೊಂದು ರೇಷ್ಮೆ ಹುಳದ ಮನೆ ಕಟ್ಟಿಕೊಂಡ. ಆದರೆ ಈ ಭಾಗದ ಸುದ್ದಿ ಪುಟ್ಟರಾಜುವಿನ ತಾಯಿ ಚಿಕ್ಕಬೋರಮ್ಮನ ಕಿವಿಗೆ ಮುಟ್ಟಿದ್ದರೂ ಕಾಲಿಗೆ ಮುಟ್ಟಿರಲಿಲ್ಲ. ಕೊಟ್ಟಿಗೆ ಬಾಚಿ ಮಂಕರಿ ತಲೆಗೇರಿಸಿದರೆ ಸಾಕು, ಆ ಕಾಲು ಹುಣಸೆ ಮರ ದಾಟಿ, ಹದಿನೆಂಟು ಹೆಜ್ಜೆ ನಡೆದು, ನಲವತ್ತು ವರ್ಷದಿಂದ ಸುರಿದ ಕಡೆಯೇ ಸುರಿದು ಬರುತ್ತಿತ್ತು. ಕೆಂಪಣ್ಣ ಮುಳ್ಳುತಂತಿ ಎಳೆಸಿದ. ಚಿಕ್ಕಬೋರಮ್ಮ ತಂತಿಯ ಮೇಲಿಂದ ಸುರಿದಳು.

"ದೊಡ್ಡವ್ವ, ಎಷ್ಟನೇ ಸತಿ ಏಳ್ಬೇಕು ನಿಂಗೆ? ಸಗಣಿಗೆ ನೊಣ ಬತ್ತವೆ, ನೊಣ ಬಂದ್ರೆ ಹುಳ ಸಾಯ್ತವೆ!" ಕೆಂಪಣ್ಣ ಬನಿಯನ್ನಿನಲ್ಲೇ ಬಂದು ಅಂಗಳದಲ್ಲಿ ನಿಂತಿದ್ದ.

"ನಮ್ಮತ್ತೆ ಕಾಲದಿಂದ್ಲೂ ಅಲ್ಲೇ ಕಣ್ಲಾ ಸುರೀತಿದ್ದಿದ್ದು. ಜಾಗ ಏನು ಎದ್ದು ಓಡೋಯ್ತಾ?"

"ಜಾಗ ಎಲ್ಲೂ ಓಡೋಗ್ಲಿಲ್ಲ, ನಂದಾಯ್ತು! ನೋಡ್ಲಾ ಪುಟ್ಟ, ನಿಮ್ಮವ್ವಂಗೆ ನೀನಾದ್ರೂ ಏಳು. ಕಾಲೇಜಲ್ಲಿ ಅಷ್ಟು ಜನಕ್ಕೆ ಪಾಠ ಏಳ್ತೀಯಂತೆ."

ಪುಟ್ಟರಾಜು ಅರ್ಧ ಬೋಳಿಸಿದ ಗಡ್ಡದಲ್ಲೇ ಹೊರಗೆ ಬಂದ. "ಅವ್ವ, ನಮ್ಮ ಹಿತ್ತಲಲ್ಲೇ ಗುಂಡಿ ತೋಡಿಸಿ ಕೊಟ್ಟಿವ್ನಲ್ಲ, ಅದ್ಕೆ ಹಾಕಕ್ಕೆ ಏನು ದಾಡಿ?"

"ಅದ್ರಲ್ಲಿ ಕುಂಬಳ ಬೀಜ ಊರಿವ್ನಿ," ಎಂದಳು ಚಿಕ್ಕಬೋರಮ್ಮ, ಇದಕ್ಕಿಂತ ಸರಿಯಾದ ಉತ್ತರ ಲೋಕದಲ್ಲೇ ಇಲ್ಲ ಎನ್ನುವ ಹಾಗೆ. "ಬಳ್ಳಿ ಹಬ್ಬದೆ. ಅದ್ರ ಮ್ಯಾಲೆ ಸುರಿಯಾಕಾಯ್ತದಾ?"

ಪುಟ್ಟರಾಜು ಉಳಿದರ್ಧ ಗಡ್ಡ ಬೋಳಿಸಲು ಒಳಗೆ ಹೋದ. ಮಾತಾಡಿದ್ದರೆ ಹೊತ್ತಾಗುತ್ತಿತ್ತು. ಅವತ್ತು ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಮೂರು ದಿನದಿಂದ ಅವನಿಗೆ ಸರಿಯಾಗಿ ಅನ್ನ ಸೇರಿರಲಿಲ್ಲ. ಹಾಗಂತ ಪರೀಕ್ಷೆ ಅವನದಲ್ಲ. ಅರ್ಪಿತ ಎಂಬ ಹುಡುಗಿಯದು.

ಪುಟ್ಟರಾಜು ಕೆ.ಆರ್. ಪೇಟೆಯ ಹೊರಗಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಅವನ ಮನೆತನದಲ್ಲಿ ಹತ್ತನೇ ತರಗತಿ ದಾಟಿದ ಮೊದಲನೆಯವನು ಅವನೇ. ಅದೇ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಓದಿದ. ಆಗ ನಲವತ್ತು ಜನಕ್ಕೆ ನಾಲ್ಕು ಕಂಪ್ಯೂಟರ್. ಅವುಗಳಲ್ಲೂ ಒಂದು ಯಾವಾಗಲೂ ಬಿಚ್ಚಿಕೊಂಡು ಬಿದ್ದಿರುತ್ತಿತ್ತು. ಪ್ರೋಗ್ರಾಮನ್ನು ಮೊದಲು ಹಾಳೆಯಲ್ಲಿ ಬರೆದು, ತಲೆಯಲ್ಲೇ ಓಡಿಸಿ, ತಪ್ಪಿದ್ದರೆ ತಿದ್ದಿ, ವಾರಕ್ಕೊಮ್ಮೆ ಸರದಿ ಬಂದಾಗ ಯಂತ್ರಕ್ಕೆ ಹಾಕುವುದು. ಹಾಗೆ ಕಲಿತವನು. ಆಮೇಲೆ ದೂರಶಿಕ್ಷಣದಲ್ಲಿ ಪದವಿ ಮಾಡಿಕೊಂಡ. ಅದೇ ಲ್ಯಾಬಿಗೆ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಜೇಬಿನಲ್ಲಿ ಒಂದು ಕೆಂಪು ಪೆನ್ನು, ಒಂದು ಸ್ಕ್ರೂಡ್ರೈವರ್, ಕೀಬೋರ್ಡಿನ ಧೂಳು ತೆಗೆಯುವ ಒಂದು ಹಳೇ ಹಲ್ಲುಜ್ಜುವ ಬ್ರಷ್ಷು ಯಾವಾಗಲೂ ಇರುತ್ತವೆ. ಲ್ಯಾಬಿನ ಹೊರಗೆ ಚಪ್ಪಲಿ ಸಾಲಾಗಿ ಬಿಡದಿದ್ದರೆ ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಾನೆ. ಬೈದ ಅರ್ಧ ಗಂಟೆಗೆ ಅದೇ ಹುಡುಗನ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಲ್ಲಿ ಅರ್ಧವಿರಾಮ ಬಿಟ್ಟುಹೋಗಿದೆ ಎಂದು ಹುಡುಕಿಕೊಡುತ್ತಾನೆ.

ಎರಡು ವರ್ಷದಿಂದ ಅವನ ಸಂಕಟಕ್ಕೆ ಒಂದು ನಂಬರಿತ್ತು: 65524.

ಸಿ ಭಾಷೆಯಲ್ಲಿ ಪಾಯಿಂಟರ್ ಎಂದೊಂದು ವಿಷಯ ಬರುತ್ತದೆ. ಕಂಪ್ಯೂಟರಿನ ನೆನಪಿನಲ್ಲಿ ಲಕ್ಷಾಂತರ ಮನೆಗಳಿವೆ, ಪ್ರತಿ ಮನೆಗೂ ಒಂದು ನಂಬರಿದೆ ಎಂದುಕೊಳ್ಳಿ. ಪಾಯಿಂಟರ್ ಎಂದರೆ ಅಂಥ ಒಂದು ಮನೆಯ ನಂಬರು ಬರೆದಿಟ್ಟುಕೊಂಡ ಚೀಟಿ. ಕಾಲೇಜಿನ ಲ್ಯಾಬ್ ಕೈಪಿಡಿಯ ಒಂಬತ್ತನೇ ಪ್ರಯೋಗ ಹೀಗಿತ್ತು: ಪಾಯಿಂಟರ್ ಒಂದಕ್ಕೆ 65524 ಎಂಬ ವಿಳಾಸ ಕೊಡು, ಆ ವಿಳಾಸದಲ್ಲಿ ಹತ್ತು ಎಂಬ ಸಂಖ್ಯೆ ಇಡು, ಇಟ್ಟದ್ದನ್ನು ಓದಿ ಮುದ್ರಿಸು. ಔಟ್‌ಪುಟ್: ಹತ್ತು.

ಹಳೇ ಯಂತ್ರಗಳಲ್ಲಿ ಇದು ನಡೆಯುತ್ತಿತ್ತು. ಅವು ಬೇಲಿಯಿಲ್ಲದ ಬಯಲು. ಯಾರು ಎಲ್ಲಿ ಬೇಕಾದರೂ ಹೋಗಿ ಏನು ಬೇಕಾದರೂ ಸುರಿಯಬಹುದಿತ್ತು. ಎರಡು ವರ್ಷದ ಹಿಂದೆ ಆ ಡಬ್ಬಗಳೆಲ್ಲ ಗುಜರಿಗೆ ಹೋಗಿ ಇಪ್ಪತ್ತು ಹೊಸ ಯಂತ್ರ ಬಂದವು. ಹೊಸವು ಪ್ರತಿ ಪ್ರೋಗ್ರಾಮಿಗೂ ಅದರದರ ಜಾಗ ಅಳೆದು ಕೊಡುತ್ತವೆ. ಕೊಡದ ಜಾಗಕ್ಕೆ ಕೈ ಹಾಕಿದರೆ ಪ್ರೋಗ್ರಾಮನ್ನೇ ಕತ್ತು ಹಿಡಿದು ಆಚೆ ದಬ್ಬಿ, ತೆರೆಯ ಮೇಲೆ ಒಂದೇ ಸಾಲು ಬರೆಯುತ್ತವೆ: ಸೆಗ್ಮೆಂಟೇಶನ್ ಫಾಲ್ಟ್. ಅಂದರೆ, ನಿನ್ನದಲ್ಲದ ಜಾಗಕ್ಕೆ ಹೋಗಿದ್ದೀಯೆ.

ಆದರೂ ಕೈಪಿಡಿ ಬದಲಾಗಲಿಲ್ಲ. ಹುಡುಗರು ಬದಲಾಗುವ ಮಾತೇ ಇಲ್ಲ. ರೆಕಾರ್ಡ್ ಪುಸ್ತಕ ಬರೆಯುವುದಕ್ಕೆ ಅವರಿಗೆ ಕಂಪ್ಯೂಟರ್ ಯಾಕೆ ಬೇಕು? ಸೀನಿಯರ್ ರೆಕಾರ್ಡು ಬೇಕು. ಆ ಸೀನಿಯರಿಗೆ ಅವನ ಸೀನಿಯರ್ ರೆಕಾರ್ಡು. ಎಲ್ಲಕ್ಕೂ ಮೂಲ, ವಿಭಾಗದ ಬೀರುವಿನಲ್ಲಿರುವ ಮಾಡೆಲ್ ರೆಕಾರ್ಡು. ಅದರ ಜೆರಾಕ್ಸು, ಜೆರಾಕ್ಸಿನ ಜೆರಾಕ್ಸು.

"ಇದು ಎಲ್ಲಿ ಬಂತಪ್ಪ ನಿಂಗೆ ಔಟ್‌ಪುಟ್ಟು?" ಎಂದು ಪುಟ್ಟರಾಜು ಒಬ್ಬನನ್ನು ಕೇಳಿದ್ದ.

"ಬರ್ಲಿಲ್ಲ ಸಾ."

"ಬರ್ದಿದ್ದೀಯಲ್ಲ, ಹತ್ತು ಅಂತ?"

"ಬರೀಬೇಕಲ್ವಾ ಸಾ?"

"ಬರದೇ ಇರೋದನ್ನ ಯಾಕ್ಲಾ ಬರೀಬೇಕು?"

"ಸಾ, ನೀವೇ ಓದ್ ವರ್ಷ ನಮ್ಮಣ್ಣಂಗೆ ಇದ್ಕೆ ರೈಟ್ ಆಕಿದ್ರಿ ಸಾ."

ಹಾಕಿದ್ದು ನಿಜ. ಅರವತ್ತು ರೆಕಾರ್ಡು ಒಂದೇ ಮಧ್ಯಾಹ್ನ ನೋಡಿ ಮುದ್ರೆ ಒತ್ತಬೇಕಾದವನು ಎಷ್ಟು ಸಾಲಿನ ಮೇಲೆ ಕಣ್ಣಿಡುತ್ತಾನೆ? ಪುಟ್ಟರಾಜು ಅವತ್ತು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, ಫ್ಯಾನಿನ ಕಡೆ ನೋಡುತ್ತಾ ಸುಮಾರು ಹೊತ್ತು ನಿಂತಿದ್ದ.

ಇವರೆಲ್ಲರ ನಡುವೆ ಬಂದವಳು ಅರ್ಪಿತ. ಶ್ರೀರಂಗಪಟ್ಟಣದ ಹತ್ತಿರದ ಕಿರಂಗೂರಿನವಳು. ಎಲ್ಲ ವಿಷಯ ಮುಗಿಸಿ ಈ ಸಿ ಪ್ರಾಕ್ಟಿಕಲ್ ಒಂದನ್ನು ಉಳಿಸಿಕೊಂಡಿದ್ದಳು. ಮೊದಲ ಸಲ ತಪ್ಪಿದ ಮೇಲೆ ಮತ್ತೆ ಎರಡು ಸಲ ಕಟ್ಟಿ, ಎರಡು ಸಲವೂ ಹೋಗಿತ್ತು. ಎರಡು ಸಲವೂ ಅವಳಿಗೆ ಬಂದದ್ದು ಒಂಬತ್ತನೇ ಪ್ರಯೋಗವೇ. ಹಳೇ ಸಿಲಬಸ್ಸಿನವರಿಗೆ ಈ ಸಲದ್ದು ಕೊನೆಯ ಪರೀಕ್ಷೆ ಎಂದು ನೋಟಿಸು ಬಂದಿತ್ತು. ಇದೂ ಹೋದರೆ ಮೂರು ವರ್ಷ ಓದಿದ ಡಿಪ್ಲೊಮಾವೇ ಹೋಯಿತು. ಮತ್ತೆ ಮೊದಲಿಂದ ಸೇರಬೇಕು. ಅವಳು ಪಾಂಡವಪುರದಲ್ಲಿ ಮೋಟಾರಿಗೆ ತಂತಿ ಸುತ್ತುವ, ಪಂಪಿನ ಸ್ಟಾರ್ಟರ್ ಬೋರ್ಡು ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಶನಿವಾರ ಅರ್ಧ ದಿನ ರಜೆ ಕೇಳಿಕೊಂಡು, ಎರಡು ಬಸ್ಸು ಹಿಡಿದು ಲ್ಯಾಬಿಗೆ ಬಂದು ಕೂರುತ್ತಿದ್ದಳು.

"ಸಾರ್, ಇದು ಯಾಕೆ ಬರಾಕಿಲ್ಲ ಅಂತ ಒಂದ್ಸತಿ ಏಳ್ಬುಡಿ. ಎಂಗೆ ಬರುಸ್ಬೇಕು ಅಂತ ಬ್ಯಾಡ," ಎಂದಿದ್ದಳು ಮೊದಲ ಶನಿವಾರ.

ಹದಿನಾಲ್ಕು ವರ್ಷದಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಪುಟ್ಟರಾಜುವಿಗೆ ಖುಷಿಯಾಗಬೇಕಿತ್ತು, ಆದರೆ ಅವತ್ತೂ ಬೆಳಿಗ್ಗೆ ಕೆಂಪಣ್ಣ ಬಂದು ಹೋಗಿದ್ದ. ಪುಟ್ಟರಾಜು ಆ ಸಿಟ್ಟಿನಲ್ಲೇ ಹೇಳಿದ: "ನೋಡವ್ವ, ನಮ್ಮವ್ವ ದಿನಾ ಸಗಣಿ ಹೊತ್ಕೊಂಡು ಹಳೇ ತಿಪ್ಪೆ ಜಾಗಕ್ಕೆ ಹೋಯ್ತಾಳೆ. ದಾರಿ ಗೊತ್ತು, ಜಾಗ ಗೊತ್ತು, ಒಂದು ಹೆಜ್ಜೆ ಆಚೀಚೆ ಆಗಾಕಿಲ್ಲ. ಆದ್ರೆ ಈಗ ಅದು ಬೇರೇವ್ರುದ್ದು. ಜಾಗದ ನಂಬರು ಗೊತ್ತಿದ್ರೆ ಸಾಲ್ದು ಕಣವ್ವ, ಆ ಜಾಗ ನಮಗೆ ಕೊಟ್ಟಿರ್ಬೇಕು."

ಅರ್ಪಿತ ಹಾಳೆಯ ಮೇಲೆ ಒಂದು ಚೌಕ ಗೀಚಿದಳು. "ಅಂಗಾದ್ರೆ ಮೊದ್ಲು ಒಂದು ವೇರಿಯಬಲ್ ಮಾಡಿ ಜಾಗ ಕೇಳ್ಬೇಕು. ಎಲ್ಲಿ ಕೊಡ್ತದೋ ಅದರ ವಿಳಾಸ ಚೀಟಿಗೆ ಬರ್ಕೋಬೇಕು."

"ಹ್ಞೂ. ನೀನಾಗೆ ನಂಬರು ಕಟ್ಬಾರ್ದು."

"ನಿಮ್ಮವ್ವ ಈಗ್ಲೂ ಹೋಯ್ತಾರಾ ಸಾರ್?"

"ನಾಳೇನೂ ಹೋಯ್ತಾಳೆ," ಎಂದಿದ್ದ ಪುಟ್ಟರಾಜು.

ಪರೀಕ್ಷೆಯ ದಿನ ಅವನು ಲ್ಯಾಬಿಗೆ ಬಂದಾಗ ಎಂಟೂವರೆ. ಹೊರಗಿನ ಪರೀಕ್ಷಕ ರಘುನಂದನ್ ನಾಗಮಂಗಲದ ಕಡೆಯ ಒಂದು ಕಾಲೇಜಿನವನು. ಪುಟ್ಟರಾಜುವಿಗಿಂತ ಐದಾರು ವರ್ಷ ಚಿಕ್ಕವನು, ಇಸ್ತ್ರಿ ಮಡಿಕೆ ಮುರಿಯದ ಷರಟು, ಮುಂದೆ ಅಂಕಪಟ್ಟಿ. ಕಾಲೇಜಿನ ಕಡೆಯಿಂದ ಸುನಿತಾ ಮೇಡಂ ಕೂತಿದ್ದರು. ಬ್ಯಾಚಿಗೆ ಹನ್ನೆರಡು ಜನ, ತಟ್ಟೆಯಲ್ಲಿ ಹನ್ನೆರಡು ಚೀಟಿ. ರಿಜಿಸ್ಟರ್ ನಂಬರಿನ ಪ್ರಕಾರ ಒಬ್ಬೊಬ್ಬರೇ ಬಂದು ಎತ್ತಬೇಕು. ಎತ್ತಿದ ಚೀಟಿ ತಟ್ಟೆಗೆ ವಾಪಸು ಹೋಗುವುದಿಲ್ಲ; ಪ್ರಶ್ನೆ ಬದಲಾಗಬೇಕಾದರೆ ಐದು ಅಂಕ ಬಿಟ್ಟುಕೊಟ್ಟು ಪರೀಕ್ಷಕರಿಂದ ಬೇರೆ ಪ್ರಶ್ನೆ ಕೇಳಬೇಕು.

ಚೀಟಿಗಳನ್ನು ವರ್ಷಗಳ ಹಿಂದೆ ಕತ್ತರಿಸಿದವನು ಪುಟ್ಟರಾಜುವೇ. ಹಳೇ ಕ್ಯಾಲೆಂಡರಿನ ದಪ್ಪ ಹಾಳೆ, ಹರಿಯುವುದಿಲ್ಲ ಎಂದು. ಅವತ್ತು ಮೇಜಿನ ಪಕ್ಕ ನಿಂತಿದ್ದವನು ಒಂದು ವಿಚಿತ್ರ ನೋಡಿದ. ಮೊದಲನೆಯವನ ಬೆರಳು ಒಂದು ಚೀಟಿಯ ಮೇಲೆ ಹೋಗಿ, ಬಿಸಿ ಮುಟ್ಟಿದ ಹಾಗೆ ಹಿಂದೆ ಬಂದು, ಪಕ್ಕದ್ದನ್ನು ಎತ್ತಿತು. ಎರಡನೆಯವಳದ್ದೂ ಹಾಗೇ. ಮೂರನೆಯವನು ಆ ಚೀಟಿಯನ್ನು ಉಗುರಿನಿಂದ ಆಚೆ ಸರಿಸಿಯೇಬಿಟ್ಟ. ಪುಟ್ಟರಾಜು ಬಗ್ಗಿ ನೋಡಿದ. ಮಡಿಸಿದ ಆ ಒಂದು ಚೀಟಿಯ ಮೂಲೆಯಲ್ಲಿ ಕೆಂಪು ಮಸಿ ಕಾಣುತ್ತಿತ್ತು: ಕ್ಯಾಲೆಂಡರಿನ ಭಾನುವಾರದ ಕೆಂಪು. ಅದು ಒಂಬತ್ತನೇ ಪ್ರಯೋಗದ ಚೀಟಿ.

ಹುಡುಗರಿಗೆಲ್ಲ ಗೊತ್ತು. ಎಷ್ಟು ಬ್ಯಾಚಿನಿಂದ ಗೊತ್ತೋ ಏನೋ! ಎಲ್ಲರೂ ಬಿಟ್ಟದ್ದು ಕೊನೆಯವರಿಗೆ ಬೀಳುತ್ತದೆ. ಪಟ್ಟಿಯಲ್ಲಿ ಕೊನೆಗೆ ಬರುವವರು ಫೇಲಾಗಿ ಮತ್ತೆ ಕಟ್ಟಿದವರು. ಅರ್ಪಿತಳಿಗೆ ಎರಡು ಸಲವೂ ಒಂಬತ್ತೇ ಬಂದದ್ದು ಅವಳ ಹಣೆಬರಹ ಎಂದು ಅವನೂ ನಂಬಿದ್ದ. ಹಣೆಬರಹವಲ್ಲ, ಅವನೇ ಕತ್ತರಿಸಿದ ಭಾನುವಾರ.

ಅರ್ಪಿತ ಬರುವಾಗ ತಟ್ಟೆಯಲ್ಲಿ ಅದೊಂದೇ ಉಳಿದಿತ್ತು. ಅವಳು ಮೂಲೆಯ ಕೆಂಪು ನೋಡಿ, ಬಿಚ್ಚದೆಯೇ, "ಒಂಬತ್ತು," ಎಂದಳು.

ಸುನಿತಾ ಮೇಡಂ ಮೆಲ್ಲಗೆ ಹೇಳಿದರು: "ಬದಲಾಯಿಸ್ಕೊಳಮ್ಮ. ಐದು ಮಾರ್ಕ್ಸ್ ಹೋಗುತ್ತೆ ಅಷ್ಟೆ."

"ಬ್ಯಾಡ ಮೇಡಂ. ಓದ್ ಸತಿ ಬದ್ಲಾಯಿಸ್ಕೊಂಡೇ ಕೆಟ್ಟೆ. ಹೊತ್ತು ಸಾಲ್ದೆ ಓಯ್ತು." ಅವಳು ಹೋಗಿ ಏಳನೇ ಯಂತ್ರದ ಮುಂದೆ ಕೂತಳು.

ಹತ್ತೂವರೆಯಿಂದ ಹನ್ನೆರಡರವರೆಗೆ ಪುಟ್ಟರಾಜು ಲ್ಯಾಬಿನಲ್ಲಿ ಸುಮ್ಮನೆ ತಿರುಗಿದ. ಇನ್‌ಸ್ಟ್ರಕ್ಟರ್ ಪರೀಕ್ಷೆಯಲ್ಲಿ ಬಾಯಿ ಬಿಡುವಂತಿಲ್ಲ. ಏಳನೇ ಯಂತ್ರದ ಹಿಂದೆ ಹಾದಾಗ ತೆರೆಯ ಮೇಲೆ ಆ ಸಾಲು ಕಂಡಿತು: ಸೆಗ್ಮೆಂಟೇಶನ್ ಫಾಲ್ಟ್. ಅರ್ಪಿತ ಗಡಿಯಾರ ನೋಡಿ ಉತ್ತರ ಪತ್ರಿಕೆಯಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು.

ಹನ್ನೆರಡು ಗಂಟೆಗೆ ರಘುನಂದನ್ ಪತ್ರಿಕೆಗಳನ್ನು ನೋಡುತ್ತಾ ಬಂದ. ಐವತ್ತು ಅಂಕ, ಬರವಣಿಗೆಗೆ ಇಪ್ಪತ್ತು, ಓಡಿಸಿ ಔಟ್‌ಪುಟ್ ತೋರಿಸುವುದಕ್ಕೆ ಇಪ್ಪತ್ತೈದು, ಬಾಯಿಪರೀಕ್ಷೆಗೆ ಐದು. ಪಾಸಾಗಲು ಇಪ್ಪತ್ತೈದು ಬೇಕು. ಅರ್ಪಿತಳ ಪತ್ರಿಕೆಯ ಮೇಲೆ ಅವನ ಪೆನ್ನು ನಿಂತಿತು.

"ಏನಮ್ಮ ಇದು? ಔಟ್‌ಪುಟ್ ಬರೆಯೋ ಕಡೆ ಸೆಗ್ಮೆಂಟೇಶನ್ ಫಾಲ್ಟ್, ಯಂತ್ರ ಏಳು, ಸಮಯ ಹನ್ನೊಂದು ನಲವತ್ತು ಅಂತ ಬರೆದಿದ್ದೀಯ?"

"ಅದೇ ಬಂದಿದ್ದು ಸಾರ್."

"ಬಂದಿದ್ದನ್ನೆಲ್ಲ ಬರೆಯೋದಾ? ಔಟ್‌ಪುಟ್ ಹತ್ತು ಅಂತ ಬರಬೇಕು."

"ಕೆಳಗಡೆ ಬರ್ದಿವ್ನಿ ನೋಡಿ ಸಾರ್. ವೇರಿಯಬಲ್ ಮಾಡಿ ಅದರ ವಿಳಾಸ ತಗೊಂಡೆ. ಅದ್ರಲ್ಲಿ ಹತ್ತು ಬತ್ತದೆ. ಎರಡು ಸತಿ ಓಡ್ಸಿದೆ, ಎರಡು ಸತಿಯೂ ವಿಳಾಸ ಬೇರೆ ಬೇರೆ ಬಂತು. ಎರಡೂ ಬರ್ದಿವ್ನಿ."

"ಪ್ರಶ್ನೆ ಅದಲ್ಲವಲ್ಲ." ರಘುನಂದನ್ ಸಿಡುಕಲಿಲ್ಲ; ಸಿಡುಕಿದ್ದರೆ ವಾಸಿಯಿತ್ತು. "ಪ್ರಶ್ನೆಯಲ್ಲಿ 65524 ಅಂತ ಇದೆ. ಬರವಣಿಗೆಗೆ ಹದಿನೆಂಟು ಕೊಡ್ತೀನಿ. ಔಟ್‌ಪುಟ್ ಇಲ್ಲ ಅಂದ್ಮೇಲೆ ನಾನೇನು ಮಾಡಲಿ?"

ಹದಿನೆಂಟು. ಬಾಯಿಪರೀಕ್ಷೆಯ ಐದೂ ಸೇರಿದರೆ ಇಪ್ಪತ್ತಮೂರು. ಲೆಕ್ಕ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಅರ್ಪಿತ ತಲೆ ಬಗ್ಗಿಸಲಿಲ್ಲ. ಕೀಬೋರ್ಡಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದಳು.

"ಸರ್," ಪುಟ್ಟರಾಜುವಿನ ಬಾಯಿಂದ ಮಾತು ಬಂದೇಬಿಟ್ಟಿತು. "ಈ ಯಂತ್ರದಲ್ಲಿ ಅದು ಯಾರಿಗೂ ಬರಲ್ಲ. ಆ ಹುಡುಗಿ ನಿಜ ಬರ್ದಿದ್ದಾಳೆ."

"ಬರಲ್ಲ ಅಂದ್ರೆ ನಿಮ್ಮ ಕಾಲೇಜಿನ ರೆಕಾರ್ಡಲ್ಲೆಲ್ಲ ಹೇಗೆ ಬಂತು? ಬೆಳಿಗ್ಗೆಯಿಂದ ಹನ್ನೊಂದು ರೆಕಾರ್ಡ್ ನೋಡಿದೆ. ಹನ್ನೊಂದರಲ್ಲೂ ಹತ್ತು ಬಂದಿದೆ. ನೀವೇ ಮುದ್ರೆ ಒತ್ತಿದ್ದೀರಿ." ಅವನು ಪೆನ್ನು ಮುಚ್ಚಿದ. "ಮಾಡೆಲ್ ರೆಕಾರ್ಡ್ ಇದೆಯಲ್ಲ, ತನ್ನಿ. ಅದರಲ್ಲಿ ಏನಿದೆಯೋ ಹಾಗೆ ಮಾಡೋಣ."

ಬೀರುವಿನ ಕೆಳ ಖಾನೆಯಲ್ಲಿ, ಹಳೇ ಹಾಜರಿ ಪುಸ್ತಕಗಳ ಅಡಿಯಲ್ಲಿ, ಕಂದು ಕಾಗದ ಸುತ್ತಿದ ಮೂಲ ರೆಕಾರ್ಡ್ ಇತ್ತು. ಜೆರಾಕ್ಸುಗಳು ಓಡಾಡುತ್ತಿದ್ದುದರಿಂದ ಅದನ್ನು ವರ್ಷಗಳಿಂದ ಯಾರೂ ಹೊರಗೆ ತೆಗೆದಿರಲಿಲ್ಲ. ಪುಟ್ಟರಾಜು ಅಲ್ಲೇ ಕುಕ್ಕರಗಾಲಲ್ಲಿ ಕೂತು ಒಂಬತ್ತನೇ ಪ್ರಯೋಗದ ಪುಟ ತೆರೆದ. ದುಂಡಗಿನ ಅಕ್ಷರ. ಅಡಿಗೆರೆಗೆ ಹಸಿರು ಶಾಯಿ. 65524. ಆ ನಾಲ್ಕಿನ ಬಾಲ ಎಡಕ್ಕೆ ಕೊಂಚ ಬಾಗಿತ್ತು. ಆ ಬಾಲ ಅವನಿಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ತಾನೆ ಹಾಜರಿಯಲ್ಲಿ ತಾರೀಖು ಹಾಕುವಾಗ ಅದನ್ನೇ ಬರೆದಿದ್ದ.

ಮೊದಲ ಪುಟ ತಿರುವಿದ. ಹೆಸರು: ಪುಟ್ಟರಾಜು. ಸಾಲು: 2005.

ಒಳ್ಳೇ ಅಕ್ಷರ ಎಂದು ಅಂದಿನ ಮೇಷ್ಟ್ರು ಇಟ್ಟುಕೊಂಡಿದ್ದು ನೆನಪಾಯಿತು. ಇನ್ನೂ ಒಂದು ನೆನಪಾಯಿತು. ಒಂಬತ್ತನೇ ಪ್ರಯೋಗದ ದಿನ ಮಧ್ಯಾಹ್ನವೆಲ್ಲ ಕರೆಂಟಿರಲಿಲ್ಲ. ರೆಕಾರ್ಡು ಮಾರನೇ ದಿನ ಕೊಡಬೇಕಿತ್ತು. ಸೀನಿಯರ್ ಮರಿಯಯ್ಯನ ರೆಕಾರ್ಡು ಈಸಿಕೊಂಡು, ಜಗುಲಿಯ ಮೇಲೆ ಕೂತು, ಚೂರೂ ಬಿಡದೆ ಇಳಿಸಿಕೊಂಡಿದ್ದ. ಅವತ್ತು ಆ ನಂಬರನ್ನು ಅವನು ತೆರೆಯ ಮೇಲೆ ಕಂಡೇ ಇರಲಿಲ್ಲ. ಮರಿಯಯ್ಯ ಕಂಡಿದ್ದನೋ ಇಲ್ಲವೋ, ಶೀಳನೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡವನನ್ನು ಈಗ ಹೋಗಿ ಕೇಳುವುದಕ್ಕಾಗುತ್ತದೆಯೇ?

ಎರಡು ಮೂರು ಕ್ಷಣ ಪುಟ್ಟರಾಜುವಿಗೆ ಪುಸ್ತಕ ವಾಪಸು ತುರುಕಿ, ಸಿಗಲಿಲ್ಲ ಎಂದು ಹೇಳಿಬಿಡೋಣ ಎನ್ನಿಸಿತು. ಹದಿನಾಲ್ಕು ವರ್ಷ ಬೈದದ್ದೆಲ್ಲ ಕಿವಿಯಲ್ಲಿ ಕೇಳಿಸಿತು. ಬರದೇ ಇರೋದನ್ನ ಯಾಕ್ಲಾ ಬರೀಬೇಕು? ಎಂಥ ಮನುಷ್ಯ ನಾನು, ಎಂದುಕೊಂಡ. ಸಿಟ್ಟು ಯಾರ ಮೇಲೆ ಬಂತು ಎಂದು ಅವನಿಗೇ ಗೊತ್ತಾಗಲಿಲ್ಲ. ಬೀರುವಿನ ಬಾಗಿಲನ್ನು ಕಾಲಿನಿಂದ ದಬ್ಬಿ ಎದ್ದ.

"ತಗಳಿ ಸರ್. ಇದೇ ಮಾಡೆಲ್ ರೆಕಾರ್ಡು. ಇದು ನಂದೇ."

ರಘುನಂದನ್ ತಲೆಯೆತ್ತಿದ.

"ನಾನೇ ಬರೆದಿದ್ದು. ಅವತ್ತು ಕರೆಂಟಿರಲಿಲ್ಲ. ಸೀನಿಯರ್‌ದು ನೋಡಿ ಇಳಿಸಿದೆ. ಈ ಔಟ್‌ಪುಟ್ಟು ಬರೆಯೋ ಮುಂಚೆ ನಾನು ಕಣ್ಣಲ್ಲಿ ಕಂಡಿರ್ಲಿಲ್ಲ. ನನ್ನದನ್ನ ಇವರು ಇಳಿಸ್ತಾವ್ರೆ, ನಾನೇ ಅದಕ್ಕೆ ಮುದ್ರೆ ಒತ್ತೀವ್ನಿ. ಕಂಡಿದ್ದನ್ನ ಬರೆದವಳು ಈ ಲ್ಯಾಬಲ್ಲಿ ಇವಳೊಬ್ಬಳೇ. ಇವಳನ್ನ ಫೇಲ್ ಮಾಡೋದಾದ್ರೆ ಮೊದಲು ನನ್ನ ಡಿಪ್ಲೊಮಾ ವಾಪಸ್ ತಗೊಂಡ್ಬುಡಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸುನಿತಾ ಮೇಡಂ, "ಪುಟ್ಟರಾಜು, ಸ್ವಲ್ಪ ತಾಳಿ," ಎಂದರು.

ರಘುನಂದನ್ ರೆಕಾರ್ಡಿನ ಪುಟವನ್ನೇ ನೋಡುತ್ತಿದ್ದ. ಹಸಿರು ಅಡಿಗೆರೆಯ ಮೇಲೆ ಬೆರಳಾಡಿಸಿದ. ಯಾರಿಗೂ ಅಲ್ಲದ ಹಾಗೆ, "ನನ್ನ ರೆಕಾರ್ಡಲ್ಲೂ ಇದೇ ನಂಬರು," ಎಂದ. "ನಮ್ಮ ಕಾಲೇಜಿಗೂ ಇದರ ಜೆರಾಕ್ಸೇ ಬಂದಿತ್ತು ಅನ್ಸುತ್ತೆ. ಹಸಿರು ಗೆರೆ ಕಪ್ಪಗೆ ಬಂದಿತ್ತು."

ಎದ್ದುಹೋಗಿ ಏಳನೇ ಯಂತ್ರದಲ್ಲಿ ತಾನೇ ಆ ಪ್ರೋಗ್ರಾಮನ್ನು ಓಡಿಸಿದ. ಸೆಗ್ಮೆಂಟೇಶನ್ ಫಾಲ್ಟ್. ಎಂಟನೆಯದಕ್ಕೆ ಹೋಗಿ ತಾನೇ ಹೊಸದಾಗಿ ಟೈಪು ಮಾಡಿದ. ಅದೇ. ಹನ್ನೆರಡನೆಯದರಲ್ಲಿ ನಂಬರು ಒಂದೊಂದಾಗಿ ಕುಟ್ಟಿ, ಎರಡು ಸಲ ಓದಿಕೊಂಡು, ಓಡಿಸಿದ. ಅದೇ. ಅಷ್ಟು ಹೊತ್ತಿಗೆ ಷರಟಿನ ತೋಳು ಮೇಲೆ ಹೋಗಿತ್ತು, ಇಸ್ತ್ರಿ ಹೋಗಿತ್ತು. "ಇದೇನ್ರೀ ಇದು, ಇಷ್ಟು ವರ್ಷ ಯಾರೂ ಓಡಿಸಿ ನೋಡೇ ಇಲ್ವಾ?" ಎಂದ. ಸಿಟ್ಟಿನಲ್ಲಿ ಅವನು ಥೇಟ್ ಪುಟ್ಟರಾಜುವಿನ ಹಾಗೇ ಕಂಡ.

ವಾಪಸು ಬಂದು ಅರ್ಪಿತಳ ಎದುರು ಕುರ್ಚಿ ಎಳೆದುಕೊಂಡ. "ಸರಿ. ಬಾಯಿಪರೀಕ್ಷೆ. ಹಾಗಾದ್ರೆ ಪಾಯಿಂಟರ್‌ಗೆ ನಾವಾಗಿ ಒಂದು ವಿಳಾಸ ಕೊಡೋದೇ ತಪ್ಪಾ? ಎಲ್ಲೂ ಕೊಡಬಾರದಾ?"

"ಕೊಡ್ತಾರೆ ಸಾರ್. ನಮ್ಮ ಅಂಗಡೀಲಿ ರಿಪೇರಿಗೆ ಬರೋ ಸ್ಟಾರ್ಟರ್ ಬೋರ್ಡಲ್ಲಿ ಕೊಟ್ಟವ್ರೆ. ಅದ್ರೊಳಗೆ ಒಂದು ಸಣ್ಣ ಚಿಪ್ ಅದೆ. ಅದನ್ನ ಮಾಡ್ದೋರೇ ಒಂದು ಪುಸ್ತಕ ಕೊಟ್ಟವ್ರೆ: ಈ ವಿಳಾಸದಲ್ಲಿ ಒಂದು ಅಂತ ಬರೆದ್ರೆ ಈ ಪಿನ್ನಿಗೆ ಕರೆಂಟು ಬತ್ತದೆ, ರಿಲೇ ಎಳ್ಕೋತದೆ, ಮೋಟ್ರು ಆನಾಯ್ತದೆ ಅಂತ. ಅಲ್ಲಿ ಆ ವಿಳಾಸ ಯಾವತ್ತೂ ಬದ್ಲಾಗಾಕಿಲ್ಲ. ಅದು ನಮಗೆ ಅಂತ ಬರ್ದು ಕೊಟ್ಟಿರೋ ಜಾಗ. ಕೊಡ್ಲೇಬೇಕು, ಇಲ್ದೆ ಇದ್ರೆ ಮೋಟ್ರೇ ಏಳಾಕಿಲ್ಲ."

"ಇಲ್ಲಿ?"

"ಇಲ್ಲಿ ಯಾರೂ ಬರ್ದು ಕೊಟ್ಟಿಲ್ಲ ಸಾರ್. ಯಾವ್ದೋ ಕಾಲದಲ್ಲಿ ಯಾರೋ ಸುರೀತಿದ್ದ ಜಾಗ. ಇವಾಗ ಬೇಲಿ ಹಾಕವ್ರೆ." ಅವಳು ಪುಟ್ಟರಾಜುವಿನ ಕಡೆ ಒಂದು ಸಲ ನೋಡಿ, ತುಟಿ ಕಚ್ಚಿಕೊಂಡಳು.

ರಘುನಂದನ್ ಐದಕ್ಕೆ ಐದು ಬರೆದ. ಔಟ್‌ಪುಟ್ಟಿನ ಕಾಲಂ ಮೇಲೆ ಪೆನ್ನು ಸ್ವಲ್ಪ ಹೊತ್ತು ಸುತ್ತಾಡಿತು. ಆಮೇಲೆ ಇಪ್ಪತ್ತು ಎಂದು ಬರೆದು, ಬದಿಯಲ್ಲಿ ಸಣ್ಣದಾಗಿ, ಪ್ರಶ್ನೆಯಲ್ಲೇ ದೋಷವಿದೆ ಎಂದು ಬರೆದು ಸಹಿ ಹಾಕಿದ. ಸುನಿತಾ ಮೇಡಂ ಕೂಡಿಸಿ, "ನಲವತ್ತಮೂರು," ಎಂದು ಗಟ್ಟಿಯಾಗಿಯೇ ಹೇಳಿ ತಾವೂ ಸಹಿ ಹಾಕಿದರು.

ಅರ್ಪಿತ ಎದ್ದು ನಿಂತಳು. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು, ಮತ್ತೆ ಬಾಗಿಲಿಗೆ ಬಂದು ತಲೆ ಹಾಕಿ, "ಸಾರ್, ಒಂದೂಕಾಲು ಬಸ್ಸಿಗೆ ಓಯ್ತೀನಿ. ಅಂಗಡೀಲಿ ಮೂರು ಬೋರ್ಡು ಅಂಗೇ ಬುಟ್ಬಂದಿವ್ನಿ," ಎಂದಳು. ಕಣ್ಣು ಒದ್ದೆಯಾಗಿತ್ತು. ಪುಟ್ಟರಾಜು, "ಹೋಗವ್ವ, ಹೋಗು, ಬಸ್ ಬುಟ್ಟೋಯ್ತದೆ," ಎಂದು ಗದರಿಸಿ ಕಳಿಸಿದ.

ಆ ಮಧ್ಯಾಹ್ನವೇ ಅವನು ಹನ್ನೆರಡೂ ಚೀಟಿ ಹರಿದು ಬುಟ್ಟಿಗೆ ಹಾಕಿ, ಬಿಳೀ ಹಾಳೆಯಲ್ಲಿ ಹೊಸ ಚೀಟಿ ಕತ್ತರಿಸಿದ. ಕೈಪಿಡಿಯ ಒಂಬತ್ತನೇ ಪ್ರಯೋಗ ತಿದ್ದಿ ಬರೆದ: ಮೊದಲು 65524ರಲ್ಲಿ ಬರೆದು ಏನಾಗುತ್ತದೆ ನೋಡು, ಆಮೇಲೆ ನಿನ್ನದೇ ವೇರಿಯಬಲ್ಲಿನ ವಿಳಾಸ ತೆಗೆದುಕೊಂಡು ಬರೆ, ಎರಡರಲ್ಲೂ ಕಂಡದ್ದನ್ನು ಕಂಡಂತೆ ಬರೆ, ಯಂತ್ರದ ನಂಬರು ಮತ್ತು ಸಮಯದ ಸಮೇತ. ತನ್ನ ಹಳೇ ರೆಕಾರ್ಡನ್ನು ಮನೆಗೆ ಒಯ್ದ. ಹೊಸ ಮಾದರಿ ಇರಲಿ ಎಂದು ಮುಂದಿನ ವಾರ ಅರ್ಪಿತಳಿಂದ ಅವಳ ಪ್ರೋಗ್ರಾಮು, ಅವಳ ಔಟ್‌ಪುಟ್ಟು ಎರಡನ್ನೂ ಒಂದು ಹಾಳೆಯಲ್ಲಿ ಬರೆಸಿ ತರಿಸಿಕೊಂಡು ಬೀರುವಿನಲ್ಲಿಟ್ಟ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಶಿಳ್ಳೆ ಹಾಕಿಕೊಂಡು ಬೈಕು ಓಡಿಸಿದ್ದನ್ನು ಊರಿನವರು ಕಂಡರು.

ಮುಂದಿನ ಬ್ಯಾಚಿನ ರೆಕಾರ್ಡುಗಳು ಅವನ ಮೇಜಿಗೆ ಬಂದದ್ದು ಐದು ತಿಂಗಳ ಮೇಲೆ. ಈ ಸಲ ಒಂದೊಂದು ಸಾಲೂ ಓದಬೇಕೆಂದು ಕೆಂಪು ಪೆನ್ನು ತೆಗೆದು ಕೂತ. ಮೊದಲನೇ ರೆಕಾರ್ಡು. ಒಂಬತ್ತನೇ ಪ್ರಯೋಗ. ಸೆಗ್ಮೆಂಟೇಶನ್ ಫಾಲ್ಟ್. ಯಂತ್ರ ಏಳು. ಸಮಯ ಹನ್ನೊಂದು ನಲವತ್ತು. ಭೇಷ್ ಎಂದುಕೊಂಡು ರೈಟು ಹಾಕಿದ.

ಎರಡನೇ ರೆಕಾರ್ಡು. ಯಂತ್ರ ಏಳು. ಸಮಯ ಹನ್ನೊಂದು ನಲವತ್ತು.

ಮೂರನೆಯದರಲ್ಲಿ ನೇರ ಒಂಬತ್ತನೇ ಪ್ರಯೋಗದ ಪುಟಕ್ಕೇ ಹೋದ. ಯಂತ್ರ ಏಳು. ಹನ್ನೊಂದು ನಲವತ್ತು. ಕೆಳಗೆ ಎರಡು ಸಲ ಓಡಿಸಿದಾಗ ಬಂದ ಎರಡು ವಿಳಾಸ; ಅವೂ ಅಂಕಿ ಅಂಕಿ ಅರ್ಪಿತಳವೇ. ಉಳಿದವನ್ನೂ ತಿರುವಿಹಾಕಿದ. ಅರವತ್ತು ಜನ, ಒಂದೇ ಯಂತ್ರದಲ್ಲಿ, ಒಂದೇ ನಿಮಿಷದಲ್ಲಿ ಕೂತು ಪ್ರಯೋಗ ಮಾಡಿದ್ದರು.

ಪುಟ್ಟರಾಜು ಮೊದಲ ರೆಕಾರ್ಡಿನ ಹುಡುಗ ತಿಮ್ಮರಾಜುವನ್ನು ಕರೆಸಿದ.

"ಏನಪ್ಪ, ಹನ್ನೊಂದು ನಲವತ್ತಕ್ಕೆ ನಿನ್ ಬ್ಯಾಚಿಗೆ ಲ್ಯಾಬಿತ್ತಾ?"

"ಇಲ್ಲ ಸಾ. ನಮ್ಗೆ ಮದ್ಯಾನ ಸಾ."

"ಮತ್ತೆ?"

"ಸಾ, ನೀವೇ ಏಳಿದ್ರಿ ಸಾ. ಸಮಯ ಕಂಪಲ್ಸರಿ ಬರೀಬೇಕು ಅಂತ."

ಪುಟ್ಟರಾಜು ಪೆನ್ನಿನ ಮುಚ್ಚಳ ಹಾಕಿದ. ಎದ್ದು ಹೋಗಿ ಬೀರುವಿನಿಂದ ಅರ್ಪಿತಳ ಹಾಳೆ ತೆಗೆದು, ನಾಲ್ಕಾಗಿ ಮಡಿಸಿ, ಬ್ರಷ್ಷು ಸ್ಕ್ರೂಡ್ರೈವರುಗಳ ಜೊತೆ ತನ್ನ ಜೇಬಿನಲ್ಲಿಟ್ಟುಕೊಂಡ. ಅರವತ್ತೂ ರೆಕಾರ್ಡನ್ನು ಎರಡು ಕಂತೆ ಮಾಡಿ ತಿಮ್ಮರಾಜುವಿನ ಎರಡು ಕೈಗೂ ಹೊರಿಸಿದ.

"ಹೋಗು, ಎಲ್ರಿಗೂ ಕೊಡು. ಒಬ್ಬೊಬ್ರೇ ಬಂದು, ನನ್ನ ಎದುರಿಗೇ ಓಡಿಸಿ, ಬಂದಿದ್ದು ಬರೀಬೇಕು. ಇನ್ಮೇಲೆ ಈ ಬೀರುವಲ್ಲಿ ಯಾವ ಮಾಡೆಲ್ಲೂ ಇಲ್ಲ ಅಂತ ಹೇಳು."

"ಮಾಡೆಲ್ ಇಲ್ದೆ ಎಂಗ್ ಸಾ ಬರೆಯೋದು?" ತಿಮ್ಮರಾಜು ನಿಜವಾಗಿಯೂ ಗಾಬರಿಯಾಗಿದ್ದ.

ಪುಟ್ಟರಾಜು ಫ್ಯಾನಿನ ಕಡೆ ನೋಡಿದ. ಆಮೇಲೆ ಏಳನೇ ಯಂತ್ರದ ಮುಂದಿನ ಕುರ್ಚಿ ಎಳೆದು, ಅದರ ಬೆನ್ನನ್ನು ಬ್ರಷ್ಷಿನಿಂದ ಎರಡು ಸಲ ಕುಟ್ಟಿ, "ಬಾ, ಕೂತ್ಕೊ," ಎಂದ. "ನಿನ್ನಿಂದ್ಲೇ ಶುರುವಾಗ್ಲಿ. ಮೊದ್ಲು ಟೈಮ್ ಎಷ್ಟು ನೋಡು."